ಗೃಹೋಪಯೋಗಿ ವಿಚಾರ: ಪಾರದರ್ಶಕವಾದ ಆಟದ ಗಾಡಿಯ ಮೇಲೆ ಕುಳಿತ ಬಣ್ಣದ ತುಂತುರು

ಮನೆಯೆಂದ ಮೇಲೆ ಬಣ್ಣ ಬಳಿಯುವ ಪ್ರಸಂಗವು ವರ್ಷಕ್ಕೊಮ್ಮೆಯಾದರೂ ಬಂದೇ ಬರುವುದು. ಗೋಡೆಗೆ ಸುಣ್ಣ, ಬಾಗಿಲಿಗೆ ಎಣ್ಣೆಬಣ್ಣ, ದೀಪಾವಳಿಯ ಹೋರಿ ಹಬ್ಬವನ್ನು ಬಿಡದೆ ನಡೆಸುವ ಹಾವೇರಿಯ ಸೀಮೆಯಲ್ಲಿ ಹೋರಿಯ ಕೊಂಬಿಗೂ ಬಣ್ಣ. ಬೇಕಾದ ಕಡೆಗೆ ಬಣ್ಣವನ್ನು ಹಚ್ಚುವುದು ಅರ್ಧ ಕೆಲಸ. ಬೇಡವಾದ ಕಡೆಗೆ ಬಿದ್ದುದನ್ನು ತೆಗೆಯುವುದು ಉಳಿದ ಅರ್ಧ. ಕುಂಚವನ್ನು ಹಿಡಿದವನ ಕೈಯಿಂದ ಹನಿಗಳು ಬೀಳುತ್ತಿದ್ದವು. ಅವು ಕಣ್ಣಿಗೆ ಕಾಣುತ್ತಿದ್ದುದರಿಂದ ಕೂಡಲೆ ಒರೆಸಬಹುದಾಗಿತ್ತು. ಗುಂಡಿಯನ್ನು ಒತ್ತಿದೊಡನೆ ಮಂಜಿನಂತೆ ಹಾರುವ ಬಣ್ಣದ ಡಬ್ಬಿಗಳು ಮನೆಮನೆಗೂ ಬಂದ ಮೇಲೆ ತೊಂದರೆಯ ರೂಪವೇ ಬದಲಾಗಿದೆ. ಈ ಮಂಜು ಎಲ್ಲಿ ಹೋಗಿ ಕುಳಿತಿತೆಂಬುದು ಅದು ಒಣಗಿದ ಮೇಲೆಯೇ ತಿಳಿಯುವುದು.

ಹಾನಗಲ್ಲ ತಾಲೂಕಿನ ಆಡೂರಿನ ಕಡೆಯ ಗೃಹಸ್ಥರೊಬ್ಬರು ಕೇಳಿರುವ ಪ್ರಶ್ನೆಯು ಈ ಜಾತಿಯದೇ. ಮಗನಿಗಾಗಿ ತಂದ, ದೂರದಿಂದ ನಡೆಯಿಸುವ ಆಟದ ಮೋಟಾರಿನ ಮೇಲುಚಿಪ್ಪು ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್ಕಿನದು. ಅದಕ್ಕೆ ಮನೆಯಲ್ಲಿಯೇ ಕೆಂಪು ಬಣ್ಣವನ್ನು ಹೊಡೆಯುವಾಗ ಕಿಟಕಿಗಳ ಮೇಲೂ ಹೊರಮೈಯ ಮೇಲೂ ಬಣ್ಣದ ದೂಳು ಕುಳಿತು ಎಲ್ಲವೂ ಮಸುಕಾಗಿದೆ. ಬಣ್ಣದ ಅಂಗಡಿಯಿಂದ ಥಿನ್ನರನ್ನು ತಂದು ಒರೆಸಿದರೆ ಆದೀತೇ ಎಂಬುದು ಅವರ ಪ್ರಶ್ನೆ. ಮೊದಲಿಗೇ ಹೇಳಿಬಿಡುವೆವು: ಸರ್ವಥಾ ಕೂಡದು. ಏಕೆ ಕೂಡದೆಂಬುದನ್ನೂ, ಅದರ ಬದಲು ಏನು ಮಾಡತಕ್ಕದ್ದೆಂಬುದನ್ನೂ ಕ್ರಮವಾಗಿ ವಿವರಿಸುವೆವು. ಆಟದ ಸಾಮಾನಿನ ಮಾತಿಗೆ ಇಷ್ಟು ವಿಸ್ತಾರವೇಕೆಂದು ವಾಚಕರು ಅಲಕ್ಷ್ಯ ಮಾಡಬಾರದಾಗಿ ಪ್ರಾರ್ಥನೆ. ಇದೇ ಪದಾರ್ಥವು ನಮ್ಮ ತಲೆಯನ್ನೂ ಕಣ್ಣನ್ನೂ ಕಾಯುತ್ತಿರುವುದು ಕೊನೆಯಲ್ಲಿ ತಿಳಿಯುವುದು.

ಪದಾರ್ಥದ ಸ್ವರೂಪ

ಇಂಥ ಚಿಪ್ಪುಗಳು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಆದವುಗಳು. 1953ರಲ್ಲಿ ಜರ್ಮನಿಯಲ್ಲಿ ಹರ್ಮನ್ ಷ್ನೆಲ್ ಎಂಬವರೂ ಅಮೇರಿಕದಲ್ಲಿ ಡೇನಿಯಲ್ ಫಾಕ್ಸ್ ಎಂಬವರೂ ಒಬ್ಬರನ್ನೊಬ್ಬರು ಅರಿಯದೆ ಇದನ್ನು ಸಾಧಿಸಿದರು. ಜರ್ಮನರು ಇದನ್ನು ಮಕ್ರೋಲಾನ್ ಎಂದೂ ಅಮೇರಿಕದವರು ಲೆಕ್ಸಾನ್ ಎಂದೂ ಹೆಸರಿಟ್ಟು ಮಾರಿದರು. ತೆಳುವಾದ ಹಾಳೆಯನ್ನು ಕಾಯಿಸಿ ಮೆತ್ತಗೆ ಮಾಡಿ, ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿಯನ್ನು ಹೀರಿದರೆ ಹಾಳೆಯು ಅಚ್ಚಿಗೆ ಅಂಟಿಕೊಂಡು ಮೋಟಾರಿನ ಆಕಾರವನ್ನು ತಾಳುವುದು. ಈ ಚಿಪ್ಪನ್ನು ಬಾಗಿಸಬಹುದು, ಗೋಡೆಗೆ ಡಿಕ್ಕಿ ಹೊಡೆಯಿಸಬಹುದು, ಒಡೆಯುವುದಿಲ್ಲ. ಹುಡುಗರ ಆಟಕ್ಕೆ ಇದಕ್ಕಿಂತ ತಕ್ಕ ಪದಾರ್ಥವಿಲ್ಲ.

ಇದಕ್ಕೆ ಬಣ್ಣವನ್ನು ಹೊಡೆಯುವುದು ಹೊರಗಿನಿಂದಲ್ಲ, ಒಳಗಿನಿಂದ. ನೋಡುವವನ ಕಣ್ಣಿಗೂ ಬಣ್ಣಕ್ಕೂ ನಡುವೆ ತಿಳಿಯಾದ ಚಿಪ್ಪು ನಿಲ್ಲುವುದರಿಂದ ಬಣ್ಣವು ಸದಾ ಹೊಳೆಯುವುದು. ನೆಲಕ್ಕೆ ಉಜ್ಜಿದರೂ ಕಿತ್ತುಹೋಗುವುದಿಲ್ಲ. ಈ ಉಪಾಯವು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಹದಿನೆಂಟನೆಯ ಶತಮಾನದಲ್ಲಿ ಚೀನದ ವ್ಯಾಪಾರದ ಮೂಲಕ ಗಾಜಿನ ಹಿಂಬದಿಗೆ ಚಿತ್ರವನ್ನು ಬರೆಯುವ ಕಲೆಯು ಹಿಂದೂಸ್ಥಾನಕ್ಕೆ ಬಂದಿತು; ಮೈಸೂರಿನಲ್ಲಿಯೂ ತಂಜಾವೂರಿನಲ್ಲಿಯೂ ಅದು ಬೇರೂರಿತು. ಆ ಚಿತ್ರಗಾರರು ಕಣ್ಣು, ಮೂಗು, ಆಭರಣಗಳ ಗೆರೆಗಳನ್ನು ಮೊದಲು ಬರೆದು ಹಿನ್ನೆಲೆಯನ್ನು ಕಟ್ಟಕಡೆಗೆ ತುಂಬುತ್ತಿದ್ದರು. ಎಡವನ್ನು ಬಲವಾಗಿಯೂ ಬಲವನ್ನು ಎಡವಾಗಿಯೂ ಬರೆಯುತ್ತಿದ್ದರು. ಆಟದ ಗಾಡಿಗೂ ಇದೇ ಕ್ರಮವು. ಆದರೆ ಒಂದು ಭೇದವುಂಟು. ಗಾಜಿನ ಮೇಲೆ ತಪ್ಪಾಗಿ ಬಿದ್ದ ಬಣ್ಣವನ್ನು ಅಲಗಿನಿಂದ ಹೆರೆಯಬಹುದು, ಯಾವ ತೀಕ್ಷ್ಣವಾದ ದ್ರವದಿಂದಲಾದರೂ ಒರೆಸಬಹುದು, ಗಾಜು ಕದಲದು. ಪ್ಲಾಸ್ಟಿಕ್ ಗಾಜಲ್ಲ. ನೋಟಕ್ಕೆ ಒಂದೇ, ಸ್ವಭಾವಕ್ಕೆ ಬೇರೆ.

ಥಿನ್ನರು ಮಾಡುವ ಕೇಡು

ಪಾಲಿಕಾರ್ಬೊನೇಟನ್ನು ಉದ್ದುದ್ದವಾದ ಎಳೆಗಳು ಸಿಕ್ಕುಸಿಕ್ಕಾಗಿ ಹೆಣೆದುಕೊಂಡ ನೂಲಿನ ಉಂಡೆಯೆಂದು ಭಾವಿಸಬಹುದು. ಎಳೆಗಳು ಒಂದಕ್ಕೊಂದು ತೊಡಕಿಕೊಂಡಿರುವುದರಿಂದಲೇ ಅದಕ್ಕೆ ಬಲ. ಥಿನ್ನರು, ಉಗುರಿನ ಬಣ್ಣವನ್ನು ತೆಗೆಯುವ ಅಸಿಟೋನ್, ಟಾಲ್ವೀನ್, ಬಣ್ಣವನ್ನು ಕಿತ್ತೊಗೆಯಲು ಮಾರುವ ಕ್ಲೋರಿನ್ ಜಾತಿಯ ದ್ರವಗಳು ಇವೆಲ್ಲ ಈ ಎಳೆಗಳ ಸಂದಿನಲ್ಲಿ ನುಸುಳಿ ತೊಡಕನ್ನು ಸಡಿಲಿಸುತ್ತವೆ. ಮೇಲ್ಮೈಯು ಕರಗಿ ಹಾಲಿನಂತೆ ಬೆಳ್ಳಗಾಗುವುದು. ಪೆಟ್ರೋಲಿನಲ್ಲಿಯೂ ಬೆಂಜೀನ್ ವರ್ಗದ ದ್ರವಗಳು ಬೆರೆತಿರುವುದರಿಂದ ಅದೂ ವರ್ಜ್ಯವು.

ಇದಕ್ಕಿಂತ ಹೆಚ್ಚಿನ ಕೇಡು ಕಣ್ಣಿಗೆ ಕಾಣಿಸದೆ ನಡೆಯುವುದು. ಹಾಳೆಯನ್ನು ಎಳೆದು ಅಚ್ಚಿಗೆ ಹೊದಿಸಿದಾಗ ಮೂಲೆಗಳಲ್ಲಿಯೂ ಬಾಗುಗಳಲ್ಲಿಯೂ ಒಂದು ಬಗೆಯ ಬಿಗಿತವು ಒಳಗೇ ಉಳಿದಿರುವುದು. ಮೊಳೆಗಾಗಿ ಕೊರೆದ ತೂತುಗಳ ಸುತ್ತಲೂ ಅದೇ ಬಿಗಿತವಿರುವುದು. ಆ ಸ್ಥಳಗಳಿಗೆ ತೀಕ್ಷ್ಣದ್ರವವು ತಗಲಿದರೆ, ಬಿಗಿದ ಎಳೆಗಳು ಆಧಾರತಪ್ಪಿ ಅಲ್ಲಲ್ಲಿ ಹರಿದು, ಕೂದಲಿನಂಥ ಬಿರುಕುಗಳು ಹುಟ್ಟುತ್ತವೆ. ಆ ದಿನವೇ ಅವು ತೋರಬೇಕೆಂದೇನೂ ಇಲ್ಲ. ಕೆಲವು ದಿನಗಳ ಮೇಲೆ ಹುಡುಗನು ಗಾಡಿಯನ್ನು ಓಡಿಸುವಾಗ, ಮೊದಲು ಹತ್ತು ಡಿಕ್ಕಿಗಳನ್ನು ತಾಳಿದ ಚಿಪ್ಪು ಒಂದೇ ಡಿಕ್ಕಿಗೆ ಸೀಳುವುದು.

ಈ ಮಾತನ್ನು ಪ್ರತ್ಯಕ್ಷವಾಗಿ ನೋಡಬಯಸುವವರು ಹಳೆಯ ಹಾಡಿನ ಸಿ.ಡಿ. ತಟ್ಟೆಯೊಂದನ್ನು ತೆಗೆದುಕೊಳ್ಳಲಿ. ಅದೂ ಪಾಲಿಕಾರ್ಬೊನೇಟೇ. ಹಾಡು ಓದಿಸುವ ಹೊಳಪಿನ ಮಗ್ಗುಲಿಗೆ, ಬಯಲಿನಲ್ಲಿ, ಒಂದೇ ಹನಿ ಅಸಿಟೋನನ್ನು ಬಿಟ್ಟು ನೋಡಿದರೆ ಆ ಸ್ಥಳವು ಮಂಜಾಗುವುದು. ನೂರು ಮಾತಿಗಿಂತ ಈ ಒಂದು ಹನಿಯು ಹೆಚ್ಚು ಕಲಿಸುವುದು.

ತೆಗೆಯುವ ಕ್ರಮ

ಮೊದಲು ಚಿಪ್ಪಿನ ಹೊರಮೈಯನ್ನು ಚೆನ್ನಾಗಿ ಪರೀಕ್ಷಿಸಬೇಕು. ಅನೇಕ ಚಿಪ್ಪುಗಳ ಹೊರಗೆ ತಯಾರಿಸಿದವರೇ ಈರುಳ್ಳಿಯ ಸಿಪ್ಪೆಯಂಥ ತೆಳುಪೊರೆಯನ್ನು ಅಂಟಿಸಿರುತ್ತಾರೆ. ಅಂಚಿನಲ್ಲಿ ಉಗುರಿನಿಂದ ಕೆದಕಿದರೆ ಅದು ಏಳುವುದು. ಒಳಗಿನ ಬಣ್ಣವೆಲ್ಲ ಮುಗಿದು ಒಣಗಿದ ಮೇಲೆ ಈ ಪೊರೆಯನ್ನು ಸುಲಿದರೆ ಹೊರಗೆ ಕುಳಿತ ತುಂತುರೆಲ್ಲ ಅದರೊಡನೆಯೇ ಹೋಗುವುದು. ಪೊರೆಯಿದ್ದುದನ್ನು ಅರಿಯದೆ ಗಂಟೆಗಟ್ಟಲೆ ತಿಕ್ಕುವವರೂ ಉಂಟು. ಬಣ್ಣ ಹೊಡೆಯುವ ಮುನ್ನವೇ ಪೊರೆಯನ್ನು ಸುಲಿದು ತೊಂದರೆಯನ್ನು ತಂದುಕೊಳ್ಳುವವರೂ ಉಂಟು.

ಪೊರೆಯಿಲ್ಲವಾದರೆ, ಎರಡನೆಯದಾಗಿ, ಚಿಪ್ಪನ್ನು ಉಗುರು ಬೆಚ್ಚಗಿನ ನೀರಿನಿಂದಲೂ ಪಾತ್ರೆ ತೊಳೆಯುವ ಮೆದುವಾದ ಸಾಬೂನಿನಿಂದಲೂ ತೊಳೆಯಬೇಕು. ದೂಳಿನ ಕಣವೊಂದು ಅರಿವೆಗೂ ಚಿಪ್ಪಿಗೂ ನಡುವೆ ಸಿಕ್ಕಿದರೆ, ತಿಕ್ಕಿದಷ್ಟು ಸಲ ಗೀರುವುದು. ಪಾಲಿಕಾರ್ಬೊನೇಟ್ ಪೆಟ್ಟಿಗೆ ಗಟ್ಟಿ. ಗೀರಿಗೆ ಬಲು ಮೆದು. ಸ್ವಚ್ಛವಾದ ಹಳೆಯ ಹತ್ತಿಯ ಅರಿವೆಯೇ ಇದಕ್ಕೆ ಉತ್ತಮವು; ನಾರು, ತಂತಿಯ ಉಂಡೆ, ಬೂದಿ, ಪಾತ್ರೆಯ ಪುಡಿ ಯಾವುದೂ ಬೇಡ.

ಮೂರನೆಯದಾಗಿ, ದ್ರವವನ್ನು ಮುಟ್ಟುವ ಮುನ್ನ ಬೆರಳನ್ನು ನಂಬಬೇಕು. ದೂರದಿಂದ ಹಾರಿಬಂದ ತುಂತುರು ದಾರಿಯಲ್ಲಿಯೇ ಅರ್ಧ ಒಣಗಿರುವುದು. ಅದು ಚಿಪ್ಪಿನ ಮೇಲೆ ಕುಳಿತಿರುವುದೇ ಹೊರತು ಕಚ್ಚಿಕೊಂಡಿರುವುದಿಲ್ಲ. ಇಂಥದು ಹೆಬ್ಬೆರಳಿನ ಉಗುರಿಗೋ ಹಲ್ಲುಕಡ್ಡಿಯ ಮೊಂಡುತುದಿಗೋ ಏಳುವುದು. ಅಂಟುಪಟ್ಟಿಯನ್ನು ಒತ್ತಿ ಎಳೆದರೂ ಬಹಳಷ್ಟು ಬರುವುದು. ಚಾಕು, ಕ್ಷೌರದ ಅಲಗು, ಮರಳುಕಾಗದಗಳನ್ನು ಹತ್ತಿರ ತರಕೂಡದು. ಬಣ್ಣವು ಒದ್ದೆಯಾಗಿಯೇ ಬಿದ್ದಿದ್ದರೆ ಮಾತ್ರ ಮುಂದಿನ ಉಪಾಯಕ್ಕೆ ಹೋಗಬೇಕು.

ನಾಲ್ಕನೆಯದು ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ಸ್ಪಿರಿಟ್. ಔಷಧದ ಅಂಗಡಿಗಳಲ್ಲಿ ಇದು ದೊರೆಯುವುದು. ಕಾರ್ಖಾನೆಯವರೇ ಪಾಲಿಕಾರ್ಬೊನೇಟ್ ಹಾಳೆಯ ಮೇಲೆ ಬಿದ್ದ ಹಸಿಬಣ್ಣಕ್ಕೆ ಇದನ್ನು ಹೇಳಿರುತ್ತಾರೆ. 2020ರ ಕೊರೋನಾ ಕಾಲದಲ್ಲಿ ಕೊಂಡ ಕೈಯೊರಸುವ ನೀರಿನಂಥ ದ್ರವವು ಮನೆಯಲ್ಲಿ ಉಳಿದಿದ್ದು, ಅದರ ಚೀಟಿಯ ಮೇಲೆ ಈ ಹೆಸರಿದ್ದರೆ ಅದೂ ಆಗಬಹುದು. ಅದರಲ್ಲಿಯ ಗ್ಲಿಸರೀನಿನ ಜಿಡ್ಡನ್ನು ಕಡೆಗೆ ಸಾಬೂನಿನಿಂದ ತೊಳೆದರಾಯಿತು. ಕಡ್ಡಿಗೆ ಸುತ್ತಿದ ಹತ್ತಿಯನ್ನು ಇದರಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ಹಿಂಡಿ, ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಬೇಕು. ಅಲ್ಲಿ ಮಸುಕಾಗದಿದ್ದರೆ ತುಂತುರಿನ ಮೇಲೆ ಮೆಲ್ಲಗೆ ಒಂದೇ ದಿಕ್ಕಿಗೆ ಒರೆಸಬೇಕು. ಹತ್ತಿಗೆ ಬಣ್ಣವು ಬಂದ ಕೂಡಲೆ ಹೊಸ ಹತ್ತಿಯನ್ನು ತೆಗೆದುಕೊಳ್ಳಬೇಕು. ಇಲ್ಲವಾದರೆ ಒಂದು ಕಡೆಯ ಬಣ್ಣವನ್ನು ಇನ್ನೊಂದು ಕಡೆಗೆ ಬಳಿದಂತಾಗುವುದು. ಒಂದೇ ಸ್ಥಳವನ್ನು ಬಹಳ ಹೊತ್ತು ತೋಯಿಸಿಡದೆ, ಒರೆಸಿ, ಒಣಗಿಸಿ, ಮತ್ತೆ ಒರೆಸಬೇಕು.

ಕಿಟಕಿಯ ಒಳಮಗ್ಗುಲಿಗೆ ನುಸುಳಿದ ಬಣ್ಣದ ವಿಷಯದಲ್ಲಿ ಹೆಚ್ಚಿನ ಎಚ್ಚರವು ಬೇಕು. ಅಲ್ಲಿ ಬೇಡವಾದ ಬಣ್ಣಕ್ಕೆ ಅಂಟಿಕೊಂಡೇ ಬೇಕಾದ ಬಣ್ಣವಿರುವುದು. ಸ್ಪಿರಿಟಿಗೆ ಈ ಭೇದವು ತಿಳಿಯದು. ಆದುದರಿಂದ ಕಿಟಕಿಯ ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ ಬರುತ್ತ, ಅಂಚಿಗೆ ಒಂದು ಗೋದಿಯ ಕಾಳಿನಷ್ಟು ದೂರದಲ್ಲಿ ದ್ರವವನ್ನು ನಿಲ್ಲಿಸಬೇಕು. ಉಳಿದ ಕಿರುಪಟ್ಟಿಯನ್ನು ಚೂಪಾದ ಮರದ ಕಡ್ಡಿಯಿಂದ ಒಣಗಿದ್ದಾಗಲೇ ಕೆರೆಯಬೇಕು.

ಇಷ್ಟಕ್ಕೂ ಬಗ್ಗದ ಹೊರಮೈಯ ಚುಕ್ಕೆಗಳಿಗೆ ಸಿಗರೇಟಿನ ಲೈಟರಿಗೆ ತುಂಬುವ ನ್ಯಾಫ್ತಾ ಎಂಬ ತೈಲವನ್ನು ಅತ್ಯಲ್ಪವಾಗಿ, ಕ್ಷಣಮಾತ್ರ, ಇದೇ ರೀತಿಯಲ್ಲಿ ಉಪಯೋಗಿಸಬಹುದು. ಬಾಗುಗಳನ್ನೂ ತೂತುಗಳನ್ನೂ ಮುಟ್ಟಿಸಬಾರದು. ಕೂಡಲೆ ಸಾಬೂನು ನೀರಿನಿಂದ ತೊಳೆಯಬೇಕು.

ಬಣ್ಣವು ಹೋಗಿ ಮಂಕು ಉಳಿದರೆ ಪ್ಲಾಸ್ಟಿಕ್ಕಿಗೆಂದೇ ಮಾರುವ ಹೊಳಪಿನ ಲೇಪವನ್ನು, ಅದು ದೊರೆಯದ ಊರುಗಳಲ್ಲಿ ಬಿಳಿಯ ಹಲ್ಲುಜ್ಜುವ ಪೇಸ್ಟನ್ನು, ಒದ್ದೆ ಅರಿವೆಯ ಮೇಲೆ ಕಡಲೆಯಷ್ಟು ತೆಗೆದುಕೊಂಡು ಹಗುರಾಗಿ ತಿಕ್ಕಿ ತೊಳೆಯಬೇಕು. ಪೇಸ್ಟಿನ ನಯವಾದ ಪುಡಿಯು ಮೇಲಿನ ಸೂಕ್ಷ್ಮವಾದ ಗೀರುಗಳನ್ನು ಸಮ ಮಾಡುವುದು. ಆಳವಾದ ಗೀರಿಗೂ ಥಿನ್ನರಿನಿಂದ ಬೆಳ್ಳಗಾದ ಜಾಗಕ್ಕೂ ಇದು ಮದ್ದಲ್ಲ. ಅಂಥ ಕಿಟಕಿಗೆ ಒಳಗಿನಿಂದ ಕಪ್ಪು ಬಣ್ಣವನ್ನು ಕೊಟ್ಟುಬಿಡುವುದೇ ಲೇಸು. ಕಪ್ಪು ಗಾಜಿನ ಮೋಟಾರನ್ನು ಹುಡುಗರು ಬೇಡವೆನ್ನಲಾರರು.

ಜಾಗರೂಕತೆಯ ಮಾತು

ಸ್ಪಿರಿಟೂ ನ್ಯಾಫ್ತಾವೂ ಬೆಂಕಿಗೆ ಹತ್ತಿರದ ಬಂಧುಗಳು. ಅಡಿಗೆಮನೆಯಲ್ಲಿ, ದೇವರ ದೀಪದ ಬಳಿಯಲ್ಲಿ, ಊದುಬತ್ತಿಯು ಉರಿಯುವ ಕೋಣೆಯಲ್ಲಿ ಈ ಕೆಲಸವನ್ನು ಮಾಡಕೂಡದು. ಸ್ಪಿರಿಟಿನ ಜ್ವಾಲೆಯು ಹಗಲು ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣಿಸುವುದೂ ಇಲ್ಲ. ಅಂಗಳವೇ ತಕ್ಕ ಸ್ಥಳವು. ಹಿರಿಯರೇ ಒರೆಸಬೇಕು, ಹುಡುಗರು ಸಾಬೂನು ನೀರಿನ ಕೆಲಸವನ್ನು ಮಾಡಲಿ. ಬಾಟಲಿಯನ್ನು ಕುಡಿಯುವ ನೀರಿನ ಸೀಸೆಗೆ ಸುರಿದಿಡುವ ಅಭ್ಯಾಸವು ಪ್ರಾಣಾಂತಿಕವು. ಒರೆಸಿದ ಹತ್ತಿಯನ್ನು ಒಲೆಗೆ ಹಾಕದೆ ಬಯಲಿನಲ್ಲಿ ಒಣಗಿಸಿ ಆಮೇಲೆ ಕಸಕ್ಕೆ ಹಾಕಬೇಕು.

ಎಲ್ಲ ಸಾಮಾನುಗಳಿಗೂ ಒಂದೇ ಮದ್ದೆಂದು ತಿಳಿಯಲೂ ಬಾರದು. ಪಾಲಿಕಾರ್ಬೊನೇಟಿಗೆ ಹಿತವಾದ ಸ್ಪಿರಿಟು ಚನ್ನಪಟ್ಟಣದ ಗೊಂಬೆಗೆ ಮಾರಕವು. ಹಾಲೆ ಮರದ ಆ ಗೊಂಬೆಗಳ ಹೊಳಪು ಅರಗಿನದು. ಅರಗು ಸ್ಪಿರಿಟಿನಲ್ಲಿ ಕರಗುವುದು. ಅಕ್ರಿಲಿಕ್ ಎಂಬ ಇನ್ನೊಂದು ತಿಳಿಪ್ಲಾಸ್ಟಿಕ್ಕು ಸ್ಪಿರಿಟು ತಗಲಿದರೆ ಬಿರುಕುಬಿಡಬಹುದು. ತುಂಡುಗಳನ್ನು ಅಂಟಿಸಿ ಕಟ್ಟುವ ಮಾದರಿ ಗಾಡಿಗಳ ಕಿಟಕಿಗಳು ಸಾಮಾನ್ಯವಾಗಿ ಪಾಲಿಸ್ಟೈರೀನ್ ಜಾತಿಯವು. ಅವಕ್ಕೆ ನ್ಯಾಫ್ತಾ ಆಗದು. ಬಾಗಿಸಿದರೆ ಬಾಗುವ ತೆಳುಚಿಪ್ಪಿಗೆ ಮಾತ್ರ ಮೇಲಿನ ಕ್ರಮವು. ಜಾತಿಯು ತಿಳಿಯದಿದ್ದಲ್ಲಿ ಸಾಬೂನು ನೀರನ್ನು ದಾಟಿ ಹೋಗದಿರುವುದೇ ವಿವೇಕವು.

ಮುಂದೆ ಹೀಗಾಗದಂತೆ

ಇನ್ನೊಂದು ಚಿಪ್ಪಿಗೆ ಬಣ್ಣವನ್ನು ಹೊಡೆಯುವ ಮುನ್ನ ಕೆಲವು ನಿಯಮಗಳನ್ನು ಪಾಲಿಸಿದರೆ ಈ ಶ್ರಮವೇ ಬೇಡ. ಒಳಮಗ್ಗುಲನ್ನು ತೊಳೆದು ಒಣಗಿಸಿ, ಕಿಟಕಿಗಳಿಗೆ ಅಂಟುಪಟ್ಟಿಯನ್ನು ಹಚ್ಚಿ ಅದರ ಅಂಚನ್ನು ಉಗುರಿನಿಂದ ಚೆನ್ನಾಗಿ ಒತ್ತಬೇಕು. ಬಣ್ಣವು ನುಸುಳುವುದು ಸಡಿಲವಾದ ಅಂಚಿನಿಂದಲೇ. ಹೊರಮೈಗೆ ಪೊರೆಯಿಲ್ಲದಿದ್ದರೆ ಹಳೆಯ ವರ್ತಮಾನಪತ್ರವನ್ನು ಸುತ್ತಬೇಕು. ಪಾಲಿಕಾರ್ಬೊನೇಟಿಗೆಂದು ತಯಾರಿಸಿದ ಬಣ್ಣವನ್ನೇ ತರಬೇಕು. ಕಬ್ಬಿಣದ ಗೇಟಿಗೆ ಹೊಡೆಯುವ ಬಣ್ಣವು ಗಟ್ಟಿಯಾಗಿ ಒಣಗುವುದರಿಂದ ಚಿಪ್ಪು ಬಾಗಿದಾಗ ಸಿಪ್ಪೆಸಿಪ್ಪೆಯಾಗಿ ಉದುರುವುದು. ಅದರಲ್ಲಿ ಬೆರೆತ ಥಿನ್ನರು ಚಿಪ್ಪನ್ನೂ ತಿನ್ನುವುದು.

ಡಬ್ಬಿಯನ್ನು ಒಂದು ಗೇಣಿಗಿಂತ ತುಸು ದೂರದಲ್ಲಿ ಹಿಡಿದು, ಒಂದೇ ಸಲ ದಪ್ಪವಾಗಿ ಹೊಡೆಯದೆ, ಮಂಜು ಕವಿದಂತೆ ತೆಳುವಾಗಿ ಹಲವು ಸಲ ಹೊಡೆಯಬೇಕು. ಕಡುಬಣ್ಣವು ಮೊದಲು, ತಿಳಿಬಣ್ಣವು ಆಮೇಲೆ. ಹಾನಗಲ್ಲಿನ ಮಗ್ಗುಲು ಅರೆಮಲೆನಾಡು. ಅಲ್ಲಿ ಮಳೆಯು ಹಿಡಿದ ದಿನಗಳಲ್ಲಿ ಈ ಕೆಲಸವನ್ನು ಮುಂದಕ್ಕೆ ಹಾಕುವುದೊಳ್ಳೆಯದು. ಬಣ್ಣದ ದ್ರವವು ಬೇಗನೆ ಆರುವಾಗ ಮೇಲ್ಮೈಯು ತಣ್ಣಗಾಗಿ ಗಾಳಿಯೊಳಗಿನ ತೇವವು ಅದರ ಮೇಲೆ ಕಟ್ಟಿ ಬಣ್ಣವೆಲ್ಲ ಬೂದಿಬಡಿದಂತಾಗುವುದು.

ಆಟಕ್ಕೆ ಮೀರಿದ ಮಾತು

ಮೊದಲು ಕೊಟ್ಟ ಮಾತಿಗೆ ಬರುವೆವು. ದ್ವಿಚಕ್ರ ವಾಹನದವರು ಧರಿಸುವ ಹೆಲ್ಮೆಟಿನ ಮುಂದಿನ ತಿಳಿಮರೆಯು ಸಾಮಾನ್ಯವಾಗಿ ಇದೇ ಪಾಲಿಕಾರ್ಬೊನೇಟು. ಎಷ್ಟೋ ಹೆಲ್ಮೆಟುಗಳ ಚಿಪ್ಪೂ ಇದೇ ಅಥವಾ ಇದರ ದಾಯಾದಿ ಪ್ಲಾಸ್ಟಿಕ್ಕುಗಳದು. ಕನ್ನಡಕದ ಗಾಜೆಂದು ನಾವು ಕರೆಯುವುದು ಅನೇಕ ವೇಳೆ ಗಾಜಲ್ಲ; ಮೋಟಾರಿನ ಮುಂದೀಪದ ಮುಚ್ಚಳವೂ ಅಲ್ಲ. ಮನೆಗೆ ಬಣ್ಣ ಬಳಿಯುವಾಗ ಮೊಳೆಗೆ ತೂಗಿದ ಹೆಲ್ಮೆಟಿನ ಮೇಲೆ ನಾಲ್ಕು ಹನಿಗಳು ಬಿದ್ದವೆಂದು ಥಿನ್ನರಿನ ಅರಿವೆಯಿಂದ ಒರೆಸುವವರಿದ್ದಾರೆ. ಹುಡುಗರು ಹುರುಪಿನಿಂದ ಹೆಲ್ಮೆಟಿಗೇ ಬಣ್ಣದ ಡಬ್ಬಿಯನ್ನು ಹಿಡಿಯುವುದುಂಟು. ಒರೆಸಿದ ಮೇಲೆ ಅದು ಹೊಸತರಂತೆ ಹೊಳೆದೀತು. ಒಳಗೆ ಹುಟ್ಟಿದ ಬಿರುಕು ಯಾರಿಗೂ ತೋರುವುದಿಲ್ಲ. ತಲೆಯು ನೆಲಕ್ಕೆ ಬಡಿಯುವ ಆ ಒಂದು ಕ್ಷಣಕ್ಕಾಗಿಯೇ ಮಾಡಿದ ವಸ್ತುವು ಆ ಕ್ಷಣದಲ್ಲಿಯೇ ಕೈಬಿಡುವುದು.

ಆದುದರಿಂದ ಹೆಲ್ಮೆಟಿಗೆ ಸಾಬೂನು ನೀರಲ್ಲದೆ ಬೇರೆ ಯಾವುದೂ ಬೇಡ. ಬಣ್ಣದ ಹನಿಯು ಹೋಗದಿದ್ದರೆ ಹಾಗೆಯೇ ಇರಲಿ. ಕಲೆಯಿಂದ ಯಾರ ತಲೆಯೂ ಒಡೆದಿಲ್ಲ. ಥಿನ್ನರೋ ಪೆಟ್ರೋಲೋ ತಗಲಿದ ಹೆಲ್ಮೆಟನ್ನು ಬಿಟ್ಟು ಬೇರೆಯದನ್ನು ಕೊಳ್ಳತಕ್ಕದ್ದು. ಕನ್ನಡಕಕ್ಕೂ ಇದೇ ನ್ಯಾಯವು. ಅದರ ಮೇಲೆ ಗೀರು ತಡೆಯುವ ಲೇಪವಿರುವುದರಿಂದ ಹಲ್ಲಿನ ಪೇಸ್ಟನ್ನೂ ಅದಕ್ಕೆ ಹಚ್ಚಬಾರದು.

ಆಡೂರು ಬಾದಾಮಿಯ ಚಾಲುಕ್ಯ ಕೀರ್ತಿವರ್ಮನ ಹೆಸರನ್ನು ಹೊತ್ತ ಶಿಲಾಶಾಸನದಿಂದ ಚರಿತ್ರಕಾರರಿಗೆ ಪರಿಚಿತವಾದ ಊರು. ಹಳೆಯ ಶಿಲೆಗಳಿರುವ ಊರಿನವರಿಗೆಲ್ಲ ಇದೇ ಸಂದರ್ಭದಲ್ಲಿ ಒಂದು ಮಾತನ್ನು ಸೂಚಿಸುವೆವು. ಗುಡಿಯ ಕಲ್ಲಿನ ಮೇಲಾಗಲಿ ಶಾಸನದ ಮೇಲಾಗಲಿ ಸುಣ್ಣ ಬಣ್ಣಗಳು ಬಿದ್ದಿದ್ದರೆ ತಂತಿಯ ಕುಂಚದಿಂದಲೋ ಆಸಿಡಿನಿಂದಲೋ ತಾವೇ ತಿಕ್ಕಲು ಹೋಗದೆ ಪುರಾತತ್ತ್ವ ಇಲಾಖೆಯವರಿಗೆ ತಿಳಿಸಬೇಕು. ಸುಣ್ಣದ ಕೆಳಗೆ ಅಕ್ಷರವು ಉಳಿದಿರುವುದು. ತಿಕ್ಕಿ ಅಳಿಸಿದ ಅಕ್ಷರವು ಮರಳಿ ಬಾರದು.

ಕಲೆಯನ್ನು ಕಂಡೊಡನೆ ಅತ್ಯಂತ ತೀಕ್ಷ್ಣವಾದ ಮದ್ದಿಗೆ ಕೈಹಾಕುವುದು ಮನುಷ್ಯನ ಸ್ವಭಾವವು. ನೀರು ಮೊದಲು, ಬೆರಳು ಆಮೇಲೆ, ಸ್ಪಿರಿಟು ಕಡೆಗೆ. ಒಂದೊಂದು ಮೆಟ್ಟಿಲಿನಲ್ಲಿಯೂ ನಿಂತು ನೋಡಿ ಸಾಕೆನಿಸಿದಲ್ಲಿ ನಿಲ್ಲಿಸುವುದು. ಇಷ್ಟೇ ಈ ತಿಂಗಳ ಉಪದೇಶವು. ಆಡೂರಿನ ಬಾಲಕನ ಗಾಡಿಯು ತಿಳಿಗಿಟಕಿಗಳೊಡನೆ ಬೇಗನೆ ಅಂಗಳದಲ್ಲಿ ಓಡಲೆಂದು ಹಾರೈಸುವೆವು. ಮುಂದಿನ ಸಂಚಿಕೆಯಲ್ಲಿ ಹಿತ್ತಾಳೆಯ ಪಾತ್ರೆಗಳ ಕಿಲುಬಿನ ವಿಷಯವನ್ನು ಎತ್ತಿಕೊಳ್ಳುವೆವು.